ಅಂಗಳಕ್ಕೆ ಬಂದ ನ್ಯಾಯಪೀಠ: ವೈತಾಂಗಿ ನ್ಯಾಯಮಂಡಳಿಯ ಐವತ್ತು ವರ್ಷ

ನ್ಯೂಜಿಲೆಂಡಿನ ವೈತಾಂಗಿ ನ್ಯಾಯಮಂಡಳಿಗೆ 2025ರ ಅಕ್ಟೋಬರ್ 10ಕ್ಕೆ ಐವತ್ತು ವರ್ಷ ತುಂಬಿತು. ಸಮುದ್ರದಾಚೆಯ ಪುಟ್ಟ ದೇಶದ ಒಂದು ನ್ಯಾಯಮಂಡಳಿಯ ಚರಿತ್ರೆಗೆ ನಮ್ಮ ಸ್ಮರಣ ಸಂಚಿಕೆಯಲ್ಲಿ ಇಷ್ಟು ಪುಟ ಏಕೆ ಎಂದು ಓದುಗರಿಗೆ, ಅದರಲ್ಲೂ ಓದುಗರಲ್ಲಿ ಬಹುಪಾಲು ವಕೀಲರೇ ಇರುವುದರಿಂದ, ಅನ್ನಿಸೀತು. ಅಜ್ಜಿ ಮೊಮ್ಮಗಳಿಗೆ ಹೇಳಿದ ಕಥೆ, ಊರವರು ಕೂಡಿ ಹಾಡುವ ಹಾಡು, ಬಾಯಿಪಾಠವಾಗಿ ಬಂದ ವಂಶಾವಳಿ ಇವನ್ನೆಲ್ಲ ಸಾಕ್ಷ್ಯವೆಂದು ಬರೆದುಕೊಂಡು, ಅದರ ಆಧಾರದ ಮೇಲೆ ಸರ್ಕಾರವನ್ನು ಉತ್ತರ ಹೇಳಲು ಕರೆಸುವ ಕೆಲಸವನ್ನು ಇಷ್ಟು ವರ್ಷ ಬಿಡದೆ ಮಾಡಿದ ಸಂಸ್ಥೆಗಳು ಲೋಕದಲ್ಲಿ ವಿರಳ. ನಮ್ಮಲ್ಲೂ ಈಗ ಅಂಥದೊಂದು ನಿಯಮ ಇದೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈ ನ್ಯಾಯಮಂಡಳಿಯನ್ನು ಹೊಗಳುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಹೇಳದೆ ದಾಟಿಬಿಡುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಕಥೆ ಕೋರ್ಟಿನ ಮೆಟ್ಟಿಲು ಹತ್ತಿದ್ದು 1975ರಲ್ಲೇನೂ ಅಲ್ಲ. ಅದಕ್ಕೆ ನೂರ ಹತ್ತು ವರ್ಷ ಮೊದಲೇ ಹತ್ತಿತ್ತು. ಹತ್ತಿ, ಹೇಳಿದವರ ಭೂಮಿಯನ್ನೇ ಕಳೆದುಕೊಂಡು ಇಳಿದಿತ್ತು.

ಮೂಲ 1840ರಲ್ಲಿದೆ. ಆ ವರ್ಷ ಫೆಬ್ರುವರಿ 6ರಂದು ವೈತಾಂಗಿ ಎಂಬ ಕಡಲ ತೀರದಲ್ಲಿ ಬ್ರಿಟಿಷ್ ರಾಣಿಯ ಪರವಾಗಿ ಕ್ಯಾಪ್ಟನ್ ವಿಲಿಯಂ ಹಾಬ್ಸನ್, ಎದುರಿಗೆ ಮಾವೊರಿ ನಾಯಕರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಮುಂದಿನ ತಿಂಗಳುಗಳಲ್ಲಿ ಆ ಕಾಗದ ದೇಶವೆಲ್ಲ ಸುತ್ತಿ ಐನೂರಕ್ಕೂ ಹೆಚ್ಚು ನಾಯಕರ ಸಹಿ, ಗುರುತು ಪಡೆಯಿತು. ಒಪ್ಪಂದಕ್ಕೆ ಎರಡು ಪಾಠ. ಇಂಗ್ಲಿಷಿನದರಲ್ಲಿ ಸಾರ್ವಭೌಮತ್ವವನ್ನೇ ರಾಣಿಗೆ ಒಪ್ಪಿಸಲಾಗಿದೆ. ಮಾವೊರಿ ಭಾಷೆಯದರಲ್ಲಿ ಆಡಳಿತವನ್ನು ಮಾತ್ರ ಕೊಟ್ಟು, ನೆಲ, ಊರು, ಅಮೂಲ್ಯವಾದುದೆಲ್ಲದರ ಮೇಲಿನ ಒಡೆತನವನ್ನು ನಾಯಕರು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಹೆಚ್ಚಿನವರು ಸಹಿ ಮಾಡಿದ್ದು ಈ ಎರಡನೆಯದಕ್ಕೆ. 1877ರಲ್ಲಿ ಮುಖ್ಯ ನ್ಯಾಯಮೂರ್ತಿ ಪ್ರೆಂಡರ್‌ಗಾಸ್ಟ್ ಈ ಒಪ್ಪಂದಕ್ಕೆ ಕಾನೂನಿನ ದೃಷ್ಟಿಯಲ್ಲಿ ಬೆಲೆಯೇ ಇಲ್ಲ ಎಂದು ತೀರ್ಪಿತ್ತರು. ನೂರು ವರ್ಷ ಆ ಮಾತೇ ನಡೆಯಿತು.

ಈ ನಡುವೆ, 1865ರ ಕಾಯ್ದೆಯಡಿ, ನೇಟಿವ್ ಲ್ಯಾಂಡ್ ಕೋರ್ಟ್ ಕೆಲಸ ಶುರುಮಾಡಿತ್ತು. ಇಡೀ ಕುಲ ಕೂಡಿ ಅನುಭವಿಸುತ್ತಿದ್ದ ನೆಲವನ್ನು ಇಂತಿಂಥವರ ಹೆಸರಿಗೆ ಎಂದು ಬಿಡಿಸಿ ಪಟ್ಟಾ ಬರೆಯುವುದು ಅದರ ಕೆಲಸ. ಹೆಸರಿಗೆ ಬಂದದ್ದನ್ನು ಮಾರಬಹುದಲ್ಲ! ಕಾಗದಪತ್ರವಿಲ್ಲದ ನೆಲಕ್ಕೆ ಪುರಾವೆ ಎಲ್ಲಿಂದ ಬರಬೇಕು? ಹಿರಿಯರ ಬಾಯಿಂದ. ನಮ್ಮ ಮೂಲಪುರುಷ ಯಾವ ದೋಣಿಯಲ್ಲಿ ಬಂದ, ಯಾವ ತಲೆಮಾರಿನಲ್ಲಿ ಯಾವ ಕಾಳಗ ಗೆದ್ದ, ಈ ನೆಲದಲ್ಲಿ ನಮ್ಮ ಒಲೆ ಎಷ್ಟು ತಲೆಮಾರಿನಿಂದ ಆರಿಲ್ಲ ಎಂಬುದನ್ನೆಲ್ಲ ಅವರು ಕೋರ್ಟಿನಲ್ಲಿ ಹೇಳಿದರು, ಗುಮಾಸ್ತರು ಬರೆದುಕೊಂಡರು. ಹಾಗೆ ಬರೆದ ದಫ್ತರಗಳು ಸಾವಿರಾರು ಪುಟ ಇವತ್ತಿಗೂ ಇವೆ. ಓದಿದರೆ ಕಥೆಗೇನೂ ಬರವಿಲ್ಲ. ಆದರೆ ಯಾವ ಕಥೆ ಹೇಳಬೇಕು, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ತೀರ್ಮಾನಿಸುತ್ತಿದ್ದುದು ಕೋರ್ಟು. ಗೆದ್ದ ಕಥೆಗೆ ಬೆಲೆ, ಹಂಚಿಕೊಂಡು ಬಾಳಿದ ಕಥೆಗೆ ಬೆಲೆಯಿಲ್ಲ. ಹೀಗಾಗಿ ನೆಂಟರೇ ಎದುರುಬದುರಾಗಿ ನಿಂತು ಪರಸ್ಪರರ ಪೂರ್ವಿಕರನ್ನು ಸೋತವರೆಂದು ಸಾಧಿಸುವ ಪರಿಸ್ಥಿತಿ ಬಂತು. ಕೋರ್ಟು ಕೂರುತ್ತಿದ್ದುದು ಪೇಟೆಯಲ್ಲಿ. ಹಳ್ಳಿಯಿಂದ ಬಂದವರು ವಾರಗಟ್ಟಲೆ ಬೀಡುಬಿಟ್ಟು, ಅಂಗಡಿಯಲ್ಲಿ ಸಾಲ ಮಾಡಿ, ಸರ್ವೆ ಖರ್ಚು ಹೊತ್ತು, ಕೊನೆಗೆ ಗೆದ್ದ ನೆಲವನ್ನೇ ಮಾರಿ ಸಾಲ ತೀರಿಸಿದರು. ಕೋರ್ಟಿನಲ್ಲಿ ಮೂಲನಿವಾಸಿಗಳ ಕಥೆಗೆ ಜಾಗ ಸಿಕ್ಕಿತೆಂದರೆ ನ್ಯಾಯ ಸಿಕ್ಕಂತೆ ಎಂದು ನಂಬುವವರು ಈ ದಫ್ತರಗಳನ್ನೊಮ್ಮೆ ತಿರುವಿ ಹಾಕಬೇಕು.

ವೈತಾಂಗಿ ನ್ಯಾಯಮಂಡಳಿಯನ್ನು ಹುಟ್ಟಿಸಿದ 1975ರ ಕಾಯ್ದೆಯನ್ನು ತಂದವರು ಲೇಬರ್ ಸರ್ಕಾರದ ಮಾವೊರಿ ವ್ಯವಹಾರಗಳ ಸಚಿವ ಮತಿಯು ರಾತಾ. ಅದಕ್ಕೆ ಅಂಕಿತ ಬಿದ್ದ ಮೂರನೆಯ ದಿನ, ಅಕ್ಟೋಬರ್ 13ರಂದು, ಎಂಬತ್ತರ ಹತ್ತಿರದ ಫೀನಾ ಕೂಪರ್ ಎಂಬ ಅಜ್ಜಿಯ ಮುಂದಾಳತ್ವದಲ್ಲಿ ಉತ್ತರದ ತುದಿಯಿಂದ ಹೊರಟಿದ್ದ ಭೂಮಿ ಪಾದಯಾತ್ರೆ ವೆಲಿಂಗ್ಟನ್ನಿನ ಸಂಸತ್ ಭವನ ತಲುಪಿತು. ಇನ್ನೊಂದು ಎಕರೆಯನ್ನೂ ಬಿಡುವುದಿಲ್ಲ ಎಂಬುದು ಆ ಯಾತ್ರೆಯ ಕೂಗು. ಹೊಸ ನ್ಯಾಯಮಂಡಳಿ ಮಾತ್ರ ಆ ಕೂಗಿಗೆ ತಕ್ಕ ಉತ್ತರವಾಗಿರಲಿಲ್ಲ. ಮೂವರು ಸದಸ್ಯರು. 1975ರಿಂದ ಈಚೆಗೆ ನಡೆದ ಅನ್ಯಾಯವನ್ನು ಮಾತ್ರ ವಿಚಾರಿಸಬಹುದು. ವಿಚಾರಿಸಿದ ಮೇಲೂ ಆದೇಶವಿಲ್ಲ, ಬರೀ ಶಿಫಾರಸು. ಕಳ್ಳ ಊರು ಬಿಟ್ಟ ಮೇಲೆ ಕಾವಲು ಕೂತಂತೆ.

ಮೊದಲ ವಿಚಾರಣೆ ನಡೆದದ್ದು 1977ರಲ್ಲಿ, ಆಕ್ಲೆಂಡಿನ ಇಂಟರ್‌ಕಾಂಟಿನೆಂಟಲ್ ಹೋಟೆಲಿನ ನೃತ್ಯ ಸಭಾಂಗಣದಲ್ಲಿ! ದೂರು ಕೊಟ್ಟವರು ಜೋ ಹಾಕ್. ತಮ್ಮವರು ತಲೆತಲಾಂತರದಿಂದ ಮೀನು, ಚಿಪ್ಪು ಹಿಡಿಯುವ ಕೊಲ್ಲಿಯಲ್ಲಿ ತಮಗೇ ಕಾನೂನಿನ ಅಡ್ಡಿ ಎಂಬುದು ತಕರಾರು. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅದೇ ಹಾಕ್ ಆ ವರ್ಷವೇ ತನ್ನ ಕುಲದವರೊಡನೆ ಬ್ಯಾಸ್ಟಿಯನ್ ಪಾಯಿಂಟ್ ಎಂಬ ಗುಡ್ಡದ ಮೇಲೆ ಧರಣಿ ಕೂತರು. 506 ದಿನ ಕೂತರು. 1978ರ ಮೇ 25ರಂದು ಪೊಲೀಸರೂ ಸೇನೆಯೂ ಬಂದು 222 ಜನರನ್ನು ಬಂಧಿಸಿದ ಮೇಲೆ ಅದು ಮುಗಿಯಿತು. ಆಗ ನ್ಯಾಯಮಂಡಳಿ ಎಂಬುದೊಂದು ಇದೆ ಎಂದು ಯಾರಿಗಾದರೂ ನೆನಪಿತ್ತೋ ಇಲ್ಲವೋ.

ಸಂಸ್ಥೆ ನಿಜವಾಗಿ ಹುಟ್ಟಿದ್ದು 1980ರ ನಂತರ. ಆ ವರ್ಷ ಎಡ್ಡಿ ಡ್ಯೂರಿ ಮಾವೊರಿ ಲ್ಯಾಂಡ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾದರು. ಆ ಹುದ್ದೆಗೆ ಬಂದ ಮೊದಲ ಮಾವೊರಿ. ಹುದ್ದೆಯ ಜೊತೆಗೆ ಈ ನ್ಯಾಯಮಂಡಳಿಯ ಅಧ್ಯಕ್ಷತೆಯೂ ಬಂತು. 1975ರ ಕಾಯ್ದೆಯ ಅನುಸೂಚಿಯಲ್ಲಿ ಎರಡು ಅವಕಾಶಗಳಿದ್ದವು. ಒಂದು, ಬೇರೆ ಕೋರ್ಟಿನಲ್ಲಿ ನಿಲ್ಲದ ಸಾಕ್ಷ್ಯವನ್ನೂ ನ್ಯಾಯಮಂಡಳಿ ಸ್ವೀಕರಿಸಬಹುದು. ಎರಡು, ಮರಾಯೆಯ ರೂಢಿ ನಿಯಮಗಳಲ್ಲಿ ತನಗೆ ಯುಕ್ತವೆನಿಸಿದ್ದನ್ನು ತನ್ನ ಕಲಾಪಕ್ಕೆ ಅಳವಡಿಸಿಕೊಳ್ಳಬಹುದು. ಮರಾಯೆ ಎಂದರೆ ಮಾವೊರಿ ಕುಲದ ಸಭಾಗೃಹ, ಅದರ ಮುಂದಿನ ಅಂಗಳ. ಅಕ್ಷರದಲ್ಲಿ ಮಲಗಿದ್ದ ಈ ಅವಕಾಶಕ್ಕೆ ಡ್ಯೂರಿ ಜೀವ ಕೊಟ್ಟರು.

ಪ್ರಕರಣವೂ ಹಾಗೆಯೇ ಒದಗಿತು. ಉತ್ತರ ದ್ವೀಪದ ಪಶ್ಚಿಮ ಕರಾವಳಿಯ ಮೊಟುನುಯಿಯಲ್ಲಿ ಅನಿಲದಿಂದ ಪೆಟ್ರೋಲು ತಯಾರಿಸುವ ಭಾರಿ ಕಾರ್ಖಾನೆ ಬರಲಿತ್ತು. ಅದರ ಕೊಳಚೆಯನ್ನು ಸಮುದ್ರಕ್ಕೆ ಬಿಡುವ ಯೋಜನೆ. ವೈತಾರಾ ಪಟ್ಟಣದ ಹೊಲಸಿನಿಂದ ಮೊದಲೇ ಕೆಟ್ಟಿದ್ದ ಬಂಡೆಸಾಲುಗಳು ಇನ್ನಷ್ಟು ಕೆಡುತ್ತವೆಂದು ತೆ ಆತಿ ಆವಾ ಕುಲದವರ ಪರವಾಗಿ ಆಯ್ಲಾ ಟೇಲರ್ ದೂರು ಕೊಟ್ಟರು. 1982ರಲ್ಲಿ ನ್ಯಾಯಮಂಡಳಿ ವೈತಾರಾದ ಓವಾಯೆ ಮರಾಯೆಯಲ್ಲೇ ಕಲಾಪ ನಡೆಸಿತು.

ಇದರಲ್ಲಿ ಏನು ವಿಶೇಷ ಎನ್ನುವವರು ಮರಾಯೆಗೆ ಹೋಗುವ ಕ್ರಮವನ್ನು ಕಲ್ಪಿಸಿಕೊಳ್ಳಬೇಕು. ನ್ಯಾಯಾಧೀಶರು ಮೊದಲು ಬಂದು ಎತ್ತರದಲ್ಲಿ ಕೂತು, ಮಿಕ್ಕವರು ಎದ್ದು ನಿಲ್ಲುವ ಪದ್ಧತಿ ಅಲ್ಲಿ ನಡೆಯದು. ಬಂದವರು, ಅವರು ನ್ಯಾಯಾಧೀಶರೇ ಆಗಲಿ, ಸರ್ಕಾರಿ ವಕೀಲರೇ ಆಗಲಿ, ಹೆಬ್ಬಾಗಿಲ ಹೊರಗೆ ಗುಂಪಾಗಿ ಕಾಯಬೇಕು. ಒಳಗಿನಿಂದ ಒಬ್ಬ ಹೆಂಗಸು ಎತ್ತರದ ದನಿಯಲ್ಲಿ ಕರೆದ ಮೇಲೆಯೇ ಅಂಗಳ ತುಳಿಯಬೇಕು. ಎರಡೂ ಕಡೆಯ ಸತ್ತವರನ್ನು ನೆನೆದು ಮಾತಾಡುವುದಾಗಬೇಕು. ಆಮೇಲೆ ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳುವ ವಂದನೆ, ಆಮೇಲೆ ಊಟ. ಸಭಾಗೃಹ ಬರೀ ಕಟ್ಟಡವೂ ಅಲ್ಲ, ಅದು ಪೂರ್ವಿಕನ ದೇಹ: ಮಾಡಿನ ತೊಲೆ ಅವನ ಬೆನ್ನೆಲುಬು, ಜಂತೆಗಳು ಪಕ್ಕೆಲುಬು. ಗೋಡೆಯುದ್ದಕ್ಕೂ ಕೆತ್ತಿದ ಹಿರಿಯರು. ಚಪ್ಪಲಿ ಹೊರಗೆ ಬಿಟ್ಟು ಆ ದೇಹದೊಳಗೆ ಬಂದು ಕೂತ ನ್ಯಾಯಾಧೀಶ ಅತಿಥಿಯಾಗಿಬಿಡುತ್ತಾನೆ. ಸಾಕ್ಷಿ ಹೇಳುವವನು ಮನೆಯ ಯಜಮಾನ. ಕೈಯಲ್ಲಿ ಕೆತ್ತನೆಯ ಊರುಗೋಲು ಹಿಡಿದು ಅತ್ತಿತ್ತ ನಡೆಯುತ್ತ ಅವನು ಮಾತಾಡುತ್ತಾನೆ. ಮಾತು ಮುಗಿದೊಡನೆ ಅವನ ಕಡೆಯವರು ಎದ್ದು ನಿಂತು ಹಾಡುತ್ತಾರೆ. ಹಾಡಿಲ್ಲದೆ ಮಾತು ಮುಗಿದಂತಲ್ಲ. ಮುಖ್ಯವಾದದ್ದು ಇನ್ನೊಂದಿದೆ. ಹೇಳುವವನ ಬೆನ್ನ ಹಿಂದೆ ಕಥೆ ಬಲ್ಲ ಊರೇ ಕೂತಿರುತ್ತದೆ. ವಂಶಾವಳಿಯಲ್ಲಿ ಒಂದು ಹೆಸರು ತಪ್ಪಿದರೆ ಅಲ್ಲಿಂದಲೇ ತಿದ್ದುಪಡಿ ಬರುತ್ತದೆ. ಪಾಟೀಸವಾಲಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ, ಕಠಿಣವಾದ ಪರೀಕ್ಷೆ ಇದು. ಸಾಕ್ಷ್ಯ ಕಾನೂನು ಓದಿದ ನಮಗೆ ತಟ್ಟನೆ ಹೊಳೆಯದ ಸಂಗತಿ.

1983ರ ಮಾರ್ಚಿನಲ್ಲಿ ವರದಿ ಬಂತು. ಕೊಳಚೆ ಕೊಳವೆಯನ್ನು ಕೈಬಿಡಿ, ಬೇರೆ ದಾರಿ ನೋಡಿ ಎಂಬುದು ಸಾರ. ಪ್ರಧಾನಿ ರಾಬರ್ಟ್ ಮಲ್ಡೂನ್ ಮೊದಲು ಅದನ್ನು ತಳ್ಳಿಹಾಕಿದರು. ಜನ ಬೆನ್ನುಬಿದ್ದ ಮೇಲೆ ಮಾತು ಬದಲಿಸಿದರು. ಮರುವರ್ಷ ಕೈತುನಾ ನದಿಯ ಪ್ರಕರಣ ಬಂತು. ರೊತೊರುವಾ ಪಟ್ಟಣದ ಒಳಚರಂಡಿ ನೀರನ್ನು ಶುದ್ಧೀಕರಿಸಿ ನದಿಗೆ ಬಿಡುತ್ತೇವೆ, ಅದರಿಂದ ಹಾನಿಯಿಲ್ಲ ಎಂದು ಎಂಜಿನಿಯರುಗಳ ವಾದ. ಎಷ್ಟು ಸೋಸಿದರೂ ಮನುಷ್ಯನ ಹೊಲಸು ಹೊತ್ತ ನೀರು ಆಹಾರ ಕೊಡುವ ನೀರಿಗೆ ಬೆರೆಯಕೂಡದು, ಅದು ಮೊದಲು ನೆಲದ ಮೇಲೆ ಹಾಯಬೇಕು ಎಂದು ಹಿರಿಯರ ಮಾತು. ಪ್ರಯೋಗಾಲಯದ ಅಳತೆಗೆ ಸಿಗದ ಈ ಆಕ್ಷೇಪವನ್ನು ನ್ಯಾಯಮಂಡಳಿ ಎತ್ತಿಹಿಡಿಯಿತು. ಕೊನೆಗೆ ಆ ನೀರನ್ನು ಹತ್ತಿರದ ಕಾಡಿಗೆ ಹಾಯಿಸುವ ವ್ಯವಸ್ಥೆಯಾಯಿತು. ನಮ್ಮಲ್ಲಿ ಮಡಿ-ಮೈಲಿಗೆ ಎಂದೊಡನೆ ಹುಬ್ಬು ಗಂಟಿಕ್ಕುವವರಿದ್ದಾರೆ, ಅದಕ್ಕೆ ನಮ್ಮಲ್ಲಿ ಸಕಾರಣವೂ ಇದೆ. ಇಲ್ಲಿ ಮಾತ್ರ ಅದು ಮನುಷ್ಯರನ್ನು ದೂರವಿಡದೆ ನದಿಯನ್ನು ಕಾಯಿತು.

1985ರ ತಿದ್ದುಪಡಿ ನ್ಯಾಯಮಂಡಳಿಯ ಬಾಗಿಲನ್ನು 1840ರವರೆಗೆ ತೆರೆಯಿತು. ಅಲ್ಲಿಂದ ಮುಂದಿನದು ಪ್ರವಾಹ. 1986ರಲ್ಲಿ ಮಾವೊರಿ ಭಾಷೆಯ ವರದಿ, ಮರುವರ್ಷ ಅದಕ್ಕೆ ಅಧಿಕೃತ ಭಾಷೆಯ ಸ್ಥಾನ. 1987ರಲ್ಲಿ ಜೋ ಹಾಕ್ ಅವರ ಕುಲದ ಒರಾಕೆ ವರದಿ. ಪೊಲೀಸರು ಎಳೆದುಹಾಕಿದ ಅದೇ ಗುಡ್ಡ 1991ರ ಕಾಯ್ದೆಯಿಂದ ಕುಲದ ಕೈಗೆ ಮರಳಿತು. ದಕ್ಷಿಣ ದ್ವೀಪದ ಙಾಯ್ ತಾಹು ಕುಲದ್ದು, ಉತ್ತರ ದ್ವೀಪದ ತಾರಾನಾಕಿಯದು, ಹೀಗೆ ಒಂದೊಂದೂ ಒಂದೊಂದು ಬೃಹತ್ ಸಂಪುಟ. 2008ರ ಸೆಪ್ಟೆಂಬರ್ 1 ಹಳೆಯ ಅನ್ಯಾಯಗಳ ದೂರಿಗೆ ಕೊನೆಯ ದಿನವೆಂದು ಗೊತ್ತಾಯಿತು.

ಇದೇ ವರ್ಷಗಳಲ್ಲಿ ಕೆನಡಾದಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಡ್ಯೂರಿ ಮಾಡಿದ್ದು ಸ್ಪಷ್ಟವಾಗುತ್ತದೆ. ಬ್ರಿಟಿಷ್ ಕೊಲಂಬಿಯಾದ ಗಿಟ್‌ಕ್ಸನ್ ಮತ್ತು ವೆಟ್‌ಸುವೆಟೆನ್ ಜನ ತಮ್ಮ ನೆಲದ ಹಕ್ಕಿಗಾಗಿ 1987ರಲ್ಲಿ ಕೋರ್ಟಿನಲ್ಲಿ ವಿಚಾರಣೆಗೆ ನಿಂತರು. ಡೆಲ್ಗಮೂಕ್ ಪ್ರಕರಣ ಎಂದೇ ಅದು ಪ್ರಸಿದ್ಧ. ಹಿರಿಯ ಮಹಿಳೆ ಮೇರಿ ಜಾನ್ಸನ್ ಸಾಕ್ಷಿಕಟ್ಟೆಯಲ್ಲಿ ನಿಂತು, ತನ್ನ ಮನೆತನದ ಕಥೆಯ ಭಾಗವಾದ ಹಾಡನ್ನು ಹಾಡಬೇಕೆಂದಾಗ ನ್ಯಾಯಮೂರ್ತಿ ಮೆಕೀಚರ್ನ್ ಅವರಿಗೆ ಮುಜುಗರ. ತಮಗೆ ಸಂಗೀತದ ಕಿವಿಯಿಲ್ಲ, ಹಾಡಿ ಫಲವಿಲ್ಲ ಎಂಬ ಅರ್ಥದ ಮಾತಾಡಿದರು. ಆಕೆ ಹಾಡಿದರು. 1991ರ ತೀರ್ಪು ಆ ಜನರ ವಿರುದ್ಧ ಬಂತು. 1997ರ ಡಿಸೆಂಬರ್ 11ರಂದು ಕೆನಡಾದ ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗಿರಿಸಿ, ಬಾಯಿಮಾತಿನ ಚರಿತ್ರೆಯನ್ನು ಲಿಖಿತ ದಾಖಲೆಗೆ ಸರಿಸಮನಾಗಿ ತೂಗಬೇಕೆಂದಿತು. ಮಹತ್ವದ ತೀರ್ಪು, ಸಂಶಯವಿಲ್ಲ. ಆದರೂ ಹಾಡು ಹಾಡುವ ಜಾಗ ಸಾಕ್ಷಿಕಟ್ಟೆಯಾಗಿಯೇ ಉಳಿಯಿತು. ವೈತಾಂಗಿಯವರು ಸಾಕ್ಷ್ಯದ ನಿಯಮವನ್ನು ಸಡಿಲಿಸಿದ್ದಕ್ಕಿಂತ ದೊಡ್ಡ ಕೆಲಸವೆಂದರೆ ಪೀಠವನ್ನು ಕಥೆಯ ಮನೆಗೆ ಕೊಂಡೊಯ್ದದ್ದು, ಅಲ್ಲಿನ ರೀತಿಗೆ ತಲೆಬಾಗಿದ್ದು. ನೇಟಿವ್ ಲ್ಯಾಂಡ್ ಕೋರ್ಟೂ ಕಥೆ ಕೇಳಿತ್ತು. ತನ್ನ ಷರತ್ತಿನಲ್ಲಿ ಕೇಳಿತ್ತು.

ಕಥೆಯೇ ಕಾನೂನಿನ ವಸ್ತುವಾದ ಉದಾಹರಣೆ ಬೇಕಿದ್ದರೆ ವಾಂಗನುಯಿ ನದಿಯದು. ತಾರಾನಾಕಿ ಪರ್ವತ ಒಂದು ಕಾಲಕ್ಕೆ ಒಳನಾಡಿನಲ್ಲಿ ತೊಂಗರಿರೊ ಪರ್ವತದ ನೆರೆಯಲ್ಲಿತ್ತು. ಪಿಹಂಗಾ ಎಂಬ ಚೆಲುವೆ ಬೆಟ್ಟಕ್ಕಾಗಿ ಇಬ್ಬರಿಗೂ ಕಾಳಗವಾಗಿ, ಸೋತ ತಾರಾನಾಕಿ ಕಡಲ ಕಡೆಗೆ ಓಡುವಾಗ ನೆಲದಲ್ಲಿ ಸೀಳು ಬಿತ್ತು. ತೊಂಗರಿರೊದಿಂದ ಚಿಮ್ಮಿದ ನೀರು ಆ ಗಾಯವನ್ನು ತುಂಬಿ ಮಾಯಿಸಿತು ಎಂದು ನದಿಯವರ ಕಥೆ. ಇದರಂತೆ ನದಿ ಬೆಟ್ಟದಿಂದ ಕಡಲವರೆಗೆ ಅಖಂಡ, ಅಲ್ಲಿನ ಜನರಿಗೆ ಹಿರಿಯ. ಇಂಗ್ಲಿಷ್ ಕಾನೂನಿಗೆ ನದಿಯೆಂದರೆ ತುಂಡುತುಂಡು: ತಳ ಒಬ್ಬರದು, ದಂಡೆ ಒಬ್ಬರದು, ನೀರು ಯಾರದೂ ಅಲ್ಲ, ದಂಡೆ ಮಾರಿದವನು ನದಿಯ ನಡುಗೆರೆಯವರೆಗಿನ ತಳವನ್ನೂ ಮಾರಿದಂತೆ. 1938ರಿಂದ 1962ರವರೆಗೆ ಕೋರ್ಟಿನಿಂದ ಕೋರ್ಟಿಗೆ ಅಲೆದ ನದಿಯ ಜನ ಈ ಲೆಕ್ಕದಲ್ಲೇ ಸೋತರು, ಏಕೆಂದರೆ ತಳ ಯಾರದು ಎಂಬುದಷ್ಟೇ ಅಲ್ಲಿ ಪ್ರಶ್ನೆ. ನ್ಯಾಯಮಂಡಳಿ 1999ರ ವರದಿಯಲ್ಲಿ ಪ್ರಶ್ನೆಯನ್ನೇ ಬದಲಿಸಿ, ನದಿಯನ್ನು ಒಂದೇ ಜೀವವಾಗಿ ಕಂಡಿತು. ದೀರ್ಘ ಮಾತುಕತೆಯ ನಂತರ 2017ರ ಮಾರ್ಚ್ 20ರಂದು ತೆ ಆವಾ ತುಪುವಾ ಕಾಯ್ದೆಗೆ ಅಂಕಿತ ಬಿದ್ದು ನದಿಗೆ ಕಾನೂನಿನ ವ್ಯಕ್ತಿತ್ವ ಬಂತು. 2025ರ ಜನವರಿಯಲ್ಲಿ, ಓಡಿಹೋದ ತಾರಾನಾಕಿ ಪರ್ವತಕ್ಕೂ ಅದೇ ಸ್ಥಾನ ಸಿಕ್ಕಿತು.

ಕಾಕತಾಳೀಯವೆಂಬಂತೆ ಅದೇ 2017ರ ಮಾರ್ಚ್ 20ರಂದು ನಮ್ಮ ಉತ್ತರಾಖಂಡ ಹೈಕೋರ್ಟು ಗಂಗೆ ಯಮುನೆಯರನ್ನು ಕಾನೂನಿನ ವ್ಯಕ್ತಿಗಳೆಂದು ಸಾರಿತು. ಕೆಲವೇ ದಿನಗಳಲ್ಲಿ ಕೊಟ್ಟ ಇನ್ನೊಂದು ತೀರ್ಪಿನಲ್ಲಿ ನ್ಯೂಜಿಲೆಂಡಿನ ಇಂಥ ಕಾಯ್ದೆಯ ಉಲ್ಲೇಖವೂ ಇದೆ. ಜುಲೈನಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಅಲ್ಲಿ ಮರಾಯೆಗಳಲ್ಲಿ ಕೂತು ನದಿಯ ಜನರನ್ನು ಕೇಳಿ ಕಂಡುಕೊಂಡ ಫಲವನ್ನು ನಾವು ಕೇಳುವ ಶ್ರಮವಿಲ್ಲದೆ ಕಿತ್ತುಕೊಂಡೆವು ಎಂದೇ ನನಗನ್ನಿಸುತ್ತದೆ.

ಹೊಗಳಿಕೆ ಇಷ್ಟಕ್ಕೆ ಸಾಕು. ಈ ಸಂಸ್ಥೆಯ ಮೇಲಿನ ಟೀಕೆಗಳಲ್ಲೂ ಹುರುಳಿದೆ. ಇತಿಹಾಸಕಾರ ಬಿಲ್ ಆಲಿವರ್, ಆಮೇಲೆ 2004ರ ತಮ್ಮ ಪುಸ್ತಕದಲ್ಲಿ ಜಿಸೆಲ್ ಬರ್ನ್ಸ್, ನ್ಯಾಯಮಂಡಳಿ ಇಂದಿನ ಅಗತ್ಯಕ್ಕೆ ತಕ್ಕಂತೆ ಅಂದಿನ ಚರಿತ್ರೆಯನ್ನು ಬರೆಯುತ್ತದೆ ಎಂದು ಆಕ್ಷೇಪಿಸಿದರು. ನನಗೆ ಅದಕ್ಕಿಂತ ಭಾರವಾಗಿ ಕಾಣುವುದು ಬೇರೆ ಎರಡು. ದೂರಿನ ಚೌಕಟ್ಟಿನಲ್ಲಿ ಹೇಳಿದ ಕಥೆ ಕ್ರಮೇಣ ದೂರೇ ಆಗಿಬಿಡುತ್ತದೆ. ನಗೆ, ಜಗಳ, ಚೇಷ್ಟೆ ಸೋರಿಹೋಗಿ ನೋವು ಮಾತ್ರ ಉಳಿಯುತ್ತದೆ. ಇದಕ್ಕೆ ನ್ಯಾಯಮಂಡಳಿಯೇ ಒಂದು ಪರಿಹಾರ ಹುಡುಕಿಕೊಂಡಿದೆ. ಔಪಚಾರಿಕ ವಿಚಾರಣೆಗೆ ಮೊದಲೇ ಸಾಂಪ್ರದಾಯಿಕ ಚರಿತ್ರೆಯನ್ನು ಕೇಳುವುದಕ್ಕೆಂದೇ ಬೇರೆ ಸಭೆಗಳು ನಡೆಯುತ್ತವೆ. 2010ರಲ್ಲಿ ತೆ ರೋಹೆ ಪೋತಾಯೆ ಪ್ರದೇಶದಲ್ಲಿ ಹಾಗೆ ನಡೆಸಿದರು. ಎರಡನೆಯದಕ್ಕೆ ಪರಿಹಾರವಿಲ್ಲ: ವಿಳಂಬ. ಸಸ್ಯ, ಪ್ರಾಣಿ, ಪಾರಂಪರಿಕ ಜ್ಞಾನದ ಮೇಲಿನ ಹಕ್ಕಿಗಾಗಿ 1991ರಲ್ಲಿ ಆರು ಮಂದಿ ಸಲ್ಲಿಸಿದ 262ನೇ ನಂಬರಿನ ದೂರಿನ ವರದಿ ಬಂದದ್ದು 2011ರಲ್ಲಿ. ಆರು ಜನರಲ್ಲಿ ಅಂದು ಬದುಕಿದ್ದವರು ಸಾನಾ ಮರ್ರಿ ಒಬ್ಬರೇ. ಹಾಗೆ ಬಂದದ್ದೂ ಶಿಫಾರಸೇ. ಕೆಲವು ಬಗೆಯ ಸರ್ಕಾರಿ ಜಮೀನಿನ ವಿಷಯ ಬಿಟ್ಟರೆ ನ್ಯಾಯಮಂಡಳಿಯ ಮಾತಿಗೆ ಸರ್ಕಾರ ಕಟ್ಟುಬಿದ್ದಿಲ್ಲ. ಐವತ್ತು ತುಂಬುವ ಹೊತ್ತಿಗೆ ಅಲ್ಲಿನ ಸಮ್ಮಿಶ್ರ ಸರ್ಕಾರ ಅದರ ಅಧಿಕಾರವ್ಯಾಪ್ತಿಯ ಮರುಪರಿಶೀಲನೆಗೆ ಕೈಹಾಕಿತ್ತು.

ಇನ್ನು ನಮ್ಮ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೆಯದು ಹಕ್ಕಿನ ಪುರಾವೆಗಳನ್ನು ಪಟ್ಟಿ ಮಾಡುತ್ತದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಇಂಥದೇ ದಾಖಲೆ ತನ್ನಿ ಎಂದು ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ ಎಂದಿದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ 2011ರಲ್ಲಿ ಸಮುದಾಯ ಹಕ್ಕು ಪಡೆದರು. ಬೆಟ್ಟದ ದೇವರು ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಅವರಿಗೆ ಭಾವನಾದ ಕಥೆ, ದೊಡ್ಡಸಂಪಿಗೆ ಮರದ ಪೂಜೆ, ಕಾಡಿನ ಉದ್ದಗಲಕ್ಕೂ ಹೆಸರಿಟ್ಟು ಗುರುತಿಸಿದ ಕುಲದ ದೇವರ ತಾಣಗಳು, ಇವೆಲ್ಲ ಆ ಜನ ಎಷ್ಟು ಕಾಲದಿಂದ ಅಲ್ಲಿದ್ದಾರೆ ಎಂಬುದಕ್ಕೆ ಯಾವ ಗೆಜೆಟಿಯರಿಗಿಂತ ಕಡಿಮೆಯ ದಾಖಲೆ?

ಆದರೆ ಹಿರಿಯರ ಹೇಳಿಕೆ ಎಂಬ ಕಾಲಮಿನಲ್ಲಿ, ತಲೆತಲಾಂತರದಿಂದ ವಾಸವಾಗಿರುತ್ತಾರೆ ಎಂದು ಒಂದು ಸಾಲು ಗೀಚಿ ಹೆಬ್ಬೆಟ್ಟು ಒತ್ತಿಸಿದರೆ ಅದು ನೇಟಿವ್ ಲ್ಯಾಂಡ್ ಕೋರ್ಟಿನ ಗುಮಾಸ್ತಿಕೆಯಾಯಿತು. ಅರಣ್ಯ ಹಕ್ಕಿನ ಅರ್ಜಿಗಳನ್ನು ಕೈಗೆತ್ತಿಕೊಳ್ಳುವ ಕಿರಿಯ ವಕೀಲರಲ್ಲಿ ನನ್ನ ವಿನಂತಿ: ಆ ಹೇಳಿಕೆಯನ್ನು ಕಚೇರಿಯಲ್ಲಿ ಬರೆಯಬೇಡಿ. ಪೋಡಿಗೆ, ಅಂದರೆ ಕಾಡಿನ ಅವರ ಹಟ್ಟಿಗೆ, ಹೋಗಿ, ಊರವರೆಲ್ಲ ಕೂತಿರುವಾಗ, ಹೇಳುವವರ ಮಾತಿನಲ್ಲೇ ಬರೆದುಕೊಳ್ಳಿ. ಹಾಡಿದರೆ ಹಾಡನ್ನೂ ಬರೆಯಿರಿ, ಮೊಬೈಲಿನಲ್ಲಿ ದಾಖಲಿಸಿ. ಗ್ರಾಮಸಭೆಯ ನಡಾವಳಿಗೆ ಅದನ್ನು ಪೂರ್ತಿಯಾಗಿ ಸೇರಿಸಿ. ಜಿಲ್ಲಾ ಸಮಿತಿ ಒಮ್ಮೆಯಾದರೂ ಅಲ್ಲಿಯೇ ಬಂದು ಕೂರಲಿ ಎಂದು ಅರ್ಜಿ ಹಾಕಿ. ಹಾಗೆ ಕೂರಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ.